ಫ್ಲಾಂಡರ್ಸ್ ಹಳ್ಳಿಗಾಡಿನ ಕೋಟೆಮನೆಗಳು: ಮೊದಲು ವಾರ ನೋಡಿ, ಆಮೇಲೆ ದಾರಿ

ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ನಲ್ಲಿ ಕೋಟೆ ನೋಡಲು ಹೊರಟವರ ಪ್ರವಾಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಫೋನಿನಲ್ಲಿ ನಕ್ಷೆ ತೆಗೆಯುತ್ತಾರೆ, ಚೆಂದ ಕಂಡ ಕೋಟೆಗಳಿಗೆಲ್ಲ ಗುರುತು ಹಾಕುತ್ತಾರೆ, ಶನಿವಾರ ಬೆಳಿಗ್ಗೆ ರೈಲು ಹತ್ತುತ್ತಾರೆ. ರೈಲು ಇಳಿದು, ಬಸ್ಸು ಹಿಡಿದು, ಎರಡು ಕಿಲೋಮೀಟರ್ ನಡೆದು ಗೇಟಿನ ಮುಂದೆ ನಿಂತರೆ ಬೀಗ. ಒಳಗೆ ಯಾರದೋ ಮದುವೆ, ಅಥವಾ ಮನೆಯವರು ಊಟಕ್ಕೆ ಕೂತಿದ್ದಾರೆ, ಅಥವಾ ಮ್ಯೂಸಿಯಂ ತೆರೆಯುವುದು ಭಾನುವಾರ ಮಧ್ಯಾಹ್ನ ಮಾತ್ರ.

ಬೀಗ ಹಾಕಿರುತ್ತದೆ, ಏಕೆಂದರೆ ಇವುಗಳಲ್ಲಿ ಬಹುಪಾಲು ಇಂದಿಗೂ ಯಾರದೋ ಮನೆ, ಕಚೇರಿ ಅಥವಾ ಕಾಲೇಜು. ಡಚ್ ಭಾಷೆಯ ‘ಕಾಸ್ತೇಲ್’ ಎಂಬ ಒಂದೇ ಪದ ಕಂದಕವಿರುವ ಕೋಟೆಗೂ ಸಲ್ಲುತ್ತದೆ, ಸಾಹುಕಾರರ ಬೇಸಿಗೆ ಬಂಗಲೆಗೂ ಸಲ್ಲುತ್ತದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾಗುತ್ತದೆ. ನೆನೆಸಿಕೊಳ್ಳಬೇಕಾದದ್ದು ಉತ್ತರ ಕರ್ನಾಟಕದ ದೇಸಾಯರ ವಾಡೆಯನ್ನು: ಹೊರಗೆ ಬುರುಜು, ಒಳಗೆ ಸಂಸಾರ, ಸುತ್ತ ಹೊಲ-ತೋಟ. ವಾಡೆಗೆ ಹೋಗುವಾಗ ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿಯೇ ಹೋಗುತ್ತೇವಲ್ಲ, ಇಲ್ಲೂ ಹಾಗೆಯೇ.

ಮೊದಲ ಹೆಜ್ಜೆ: ಮನೆ ಯಾರದು?

ನೋಡಬೇಕೆಂದಿರುವ ಪ್ರತಿ ಕೋಟೆಯ ಹೆಸರಿನ ಮುಂದೆ ಅದರ ಒಡೆಯರು ಯಾರೆಂದು ಬರೆದುಕೊಳ್ಳಿ. ತೆರೆಯುವ ದಿನ, ಸಮಯ, ಒಳಗೆ ಎಷ್ಟು ಕಾಣಸಿಗುತ್ತದೆ ಎಂಬುದೆಲ್ಲ ಅದರ ಮೇಲೇ ನಿಂತಿದೆ.

ಸರ್ಕಾರ ಅಥವಾ ನಗರಸಭೆ ನಡೆಸುವಂಥವು ಮೊದಲ ಬಗೆ. ಗೆಂಟ್ ನಗರದ ಗ್ರಾವೆನ್‌ಸ್ಟೇನ್, ಬ್ರಸೆಲ್ಸ್ ಪಕ್ಕದ ಗಾಸ್‌ಬೇಕ್, ಲಿಂಬರ್ಗ್ ಪ್ರಾಂತ್ಯದ ಆಲ್ಡೆನ್ ಬೀಸೆನ್, ಮೈಸೆ ಸಸ್ಯೋದ್ಯಾನದೊಳಗಿನ ಬೌಹೌಟ್ ಈ ಗುಂಪಿನವು. ವೇಳಾಪಟ್ಟಿ ಖಚಿತ, ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಶೌಚಾಲಯ ಇರುತ್ತದೆ. ಮೊದಲ ಸಲ ಹೋಗುವವರು ಇಲ್ಲಿಂದ ಆರಂಭಿಸುವುದು ಲೇಸು.

ಎರಡನೆಯದು, ಮನೆತನದವರು ಈಗಲೂ ವಾಸವಿದ್ದು ಕೆಲವು ಕೋಣೆಗಳನ್ನಷ್ಟೇ ತೋರಿಸುವಂಥವು. ಗೆಂಟ್ ಬಳಿಯ ಓಯ್ಡೊಂಕ್ ಇದಕ್ಕೆ ಒಳ್ಳೆಯ ಉದಾಹರಣೆ. ವಾರದಲ್ಲಿ ಒಂದೆರಡು ಮಧ್ಯಾಹ್ನ ತೆರೆಯುತ್ತಾರೆ, ಚಳಿಗಾಲದಲ್ಲಿ ಪೂರ್ತಿ ಮುಚ್ಚುತ್ತಾರೆ. ನಮ್ಮನ್ನು ಕೇಳಿದರೆ ನೋಡಲು ಹೆಚ್ಚು ಸೊಗಸು ಇವೇ. ಊಟದ ಮೇಜಿನ ಮೇಲೆ ಮನೆಯವರ ಫೋಟೋ ಇರುತ್ತದೆ, ಮ್ಯೂಸಿಯಂನ ತಣ್ಣನೆ ವಾಸನೆ ಇರುವುದಿಲ್ಲ.

ಮೂರನೆಯ ಬಗೆ ಪೂರ್ತಿ ಖಾಸಗಿ. ಹಸ್ಪೆನ್‌ಗೌ ಸೀಮೆಯ ಹೆಕ್ಸ್ ಕೋಟೆಯನ್ನು ಲೀಯೆಜಿನ ರಾಜ-ಬಿಷಪ್ ವೆಲ್‌ಬ್ರೂಕ್ 18ನೇ ಶತಮಾನದಲ್ಲಿ ಕಟ್ಟಿಸಿದ. ಅದರ ಗುಲಾಬಿ ತೋಟ ಮತ್ತು ಕಾಯಿಪಲ್ಲೆ ತೋಟದ ಹೆಸರು ದೊಡ್ಡದು, ಆದರೆ ಸಾರ್ವಜನಿಕರಿಗೆ ಬಾಗಿಲು ತೆರೆಯುವುದು ಮುಖ್ಯವಾಗಿ ಜೂನ್ ಮತ್ತು ಸೆಪ್ಟೆಂಬರ್‌ನ ತೋಟದ ಮೇಳಗಳಲ್ಲಿ. ಉಳಿದ ದಿನ ಗೇಟಿನಿಂದಾಚೆ ನಿಂತು ನೋಡಬೇಕಷ್ಟೇ.

ಇನ್ನೊಂದು ಎಚ್ಚರಿಕೆ. ‘ಬೆಲ್ಜಿಯಂನ ಸುಂದರ ಕೋಟೆಗಳು’ ಎಂದು ಹುಡುಕಿದರೆ ಬರುವ ಚಿತ್ರಗಳಲ್ಲಿ ಅರ್ಧಕ್ಕರ್ಧ ದಕ್ಷಿಣದ ವಲೋನಿಯಾದವು. ಗುಡ್ಡದ ತುದಿ, ಬಂಡೆ, ಕಣಿವೆ ಕಂಡರೆ ಅದು ಫ್ಲಾಂಡರ್ಸ್ ಅಲ್ಲವೆಂದೇ ಲೆಕ್ಕ. ಇಲ್ಲಿಯ ನೆಲ ಬಹುಮಟ್ಟಿಗೆ ಚಪ್ಪಟೆ. ಕೋಟೆ ಕಟ್ಟಲು ಎತ್ತರದ ಜಾಗ ಸಿಗದವರು ಕೈಗೆಟುಕುವಷ್ಟು ಆಳದಲ್ಲಿದ್ದ ಅಂತರ್ಜಲವನ್ನೇ ಕಾವಲಿಗೆ ಇಟ್ಟುಕೊಂಡರು. ಆದ್ದರಿಂದ ಇಲ್ಲಿ ಕಾಣುವುದು ನೀರುಕೋಟೆ: ಸುತ್ತ ಅಗಲವಾದ ಕಂದಕ, ನಡುವೆ ಇಟ್ಟಿಗೆ ಗೋಡೆ, ದಾಟಲು ಒಂದೇ ಸೇತುವೆ.

ಎರಡನೆಯದು: ದಿನ ಗೊತ್ತುಮಾಡುವುದು

ಸಾಮಾನ್ಯ ಸೂತ್ರ ಹೀಗಿದೆ. ಸೋಮವಾರ ಬೇಡ, ಹಲವೆಡೆ ವಾರದ ರಜೆ. ಶನಿವಾರ ಅನುಮಾನ, ಮದುವೆ-ಸಮಾರಂಭಗಳಿಗೆ ಬಾಡಿಗೆ ಕೊಡುವ ದಿನ ಅದು. ಹಳ್ಳಿಗಾಡಿನ ಕೋಟೆಗಳಿಗೆ ಭಾನುವಾರ ಮಧ್ಯಾಹ್ನವೇ ಒಳ್ಳೆಯದು. ಆದರೆ ಅದೇ ದಿನ ಬಸ್ಸುಗಳು ಕಡಿಮೆ. ಪ್ರವಾಸ ಹೊಂದಿಸುವವರ ತಲೆನೋವು ಇಲ್ಲಿಯೇ. ಈ ಕಾರಣಕ್ಕೆ ಭಾನುವಾರದ ಕೋಟೆಗಳಿಗೆ ಸೈಕಲ್ಲು, ಮಂಗಳವಾರದಿಂದ ಶುಕ್ರವಾರದವರೆಗೆ ತೆರೆಯುವ ಸರ್ಕಾರಿ ಕೋಟೆಗಳಿಗೆ ಬಸ್ಸು ಎಂದು ವಿಂಗಡಿಸಿಕೊಳ್ಳಿ.

ತಿಂಗಳ ಲೆಕ್ಕಕ್ಕೆ ಬಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಸುರಕ್ಷಿತ. ಏಪ್ರಿಲ್ ಮಧ್ಯದಿಂದ ಕೊನೆಯವರೆಗೆ ಹಸ್ಪೆನ್‌ಗೌನಲ್ಲಿ ಸೇಬು, ಪಿಯರ್, ಚೆರ್ರಿ ತೋಟಗಳು ಹೂ ಬಿಡುತ್ತವೆ. ಆಲ್ಡೆನ್ ಬೀಸೆನ್‌ಗೆ ಅದು ಕಾಲ. ಜೂನ್ ಗುಲಾಬಿಯ ತಿಂಗಳು: ಸಿಂಟ್-ಪೀಟರ್ಸ್-ಲೇವ್‌ನ ಕೊಲೋಮಾ ಕೋಟೆಯ ತೋಟದಲ್ಲಿ ಸುಮಾರು 3,000 ತಳಿಯ ಗುಲಾಬಿಗಳಿವೆ. ಜುಲೈನಲ್ಲಿ ಹೋದರೆ ಅರ್ಧ ಹೂ ಉದುರಿರುತ್ತದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೂ ಮೊದಲೇ ಕತ್ತಲು. ಬೆಳಕಿದೆಯೆಂದು ಮೋಸ ಹೋಗಬೇಡಿ, ಟಿಕೆಟ್ ಕೌಂಟರ್ ಬೆಳಕು ನೋಡಿ ನಡೆಯುವುದಿಲ್ಲ. ಮುಚ್ಚುವ ಸಮಯಕ್ಕಿಂತ ಒಂದು ಗಂಟೆ ಮುಂಚೆ, ಕೆಲವೆಡೆ ಇನ್ನೂ ಮುಂಚೆ, ಕೊನೆಯ ಪ್ರವೇಶ.

ಸೆಪ್ಟೆಂಬರ್‌ನ ಎರಡನೇ ಭಾನುವಾರವನ್ನು ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಅಂದು ಫ್ಲಾಂಡರ್ಸ್‌ನಾದ್ಯಂತ ‘ಓಪನ್ ಮೊನ್ಯುಮೆಂಟೆನ್‌ಡಾಖ್’, ಅಂದರೆ ತೆರೆದ ಸ್ಮಾರಕಗಳ ದಿನ. ವರ್ಷವಿಡೀ ಮುಚ್ಚಿರುವ ಎಷ್ಟೋ ಮನೆಗಳು ಅಂದು ತೆರೆಯುತ್ತವೆ, ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ. ಕೆಲವಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು. ಯಾವ ಊರಿನಲ್ಲಿ ಏನು ತೆರೆದಿದೆ ಎಂಬ ಪಟ್ಟಿಯನ್ನು ಪರಂಪರೆ ಸಂಸ್ಥೆ ‘ಹೆರಿಟಾ’ ಪ್ರಕಟಿಸುತ್ತದೆ. ಪಟ್ಟಿ ಬಂದ ವಾರವೇ ನೋಡಿ ಆಯ್ಕೆ ಮಾಡಿ.

ದಿನ ಗೊತ್ತಾದ ಮೇಲೆ ಒಂದು ಕೆಲಸ ಬಾಕಿ. ಹೊರಡುವ ಹಿಂದಿನ ದಿನ ಕೋಟೆಯ ಸ್ವಂತ ತಾಣದ ಡಚ್ ಪುಟವನ್ನೇ ತೆರೆದು ಅನುವಾದಿಸಿ ಓದಿ, ಇಂಗ್ಲಿಷ್ ಪುಟವನ್ನು ನಂಬಬೇಡಿ. ‘ಇಂದು ಸಮಾರಂಭದ ಕಾರಣ ಮುಚ್ಚಿದೆ’ ಎಂಬ ಸಾಲು ಮೊದಲು ಬೀಳುವುದು ಡಚ್ ಪುಟದಲ್ಲಿ. ಇಂಗ್ಲಿಷ್ ಪುಟಕ್ಕೆ ಎಷ್ಟೋ ಸಲ ಬರುವುದೇ ಇಲ್ಲ. ಗಾಳಿಯ ಮುನ್ನೆಚ್ಚರಿಕೆಯಿದ್ದರೆ ಉದ್ಯಾನಗಳನ್ನೂ ಮುಚ್ಚುತ್ತಾರೆ. ನೂರಾರು ವರ್ಷದ ಬೀಚ್ ಮರಗಳ ಬೇರು ಹೆಚ್ಚು ಆಳಕ್ಕಿಳಿಯುವುದಿಲ್ಲ, ಜೋರು ಗಾಳಿಗೆ ಬುಡಸಮೇತ ಬೀಳುತ್ತವೆ.

ಮೂರನೆಯದು: ದಾರಿ

ಬ್ರಸೆಲ್ಸ್, ಗೆಂಟ್, ಬ್ರೂಜ್, ಲೂವೆನ್ ಈ ನಾಲ್ಕರಲ್ಲಿ ಒಂದು ಕಡೆ ಬಿಡಾರ ಮಾಡಿದರೆ ಸಾಕು. ರೈಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಒಂದೂವರೆ ಗಂಟೆ. ದಿನಕ್ಕೆ ಎರಡು ಕೋಟೆಗಿಂತ ಹೆಚ್ಚು ಹಾಕಿಕೊಳ್ಳಬೇಡಿ, ಎರಡೂ ಒಂದೇ ದಿಕ್ಕಿನಲ್ಲಿರಲಿ. ಕೋಟೆಯೊಳಗೆ ಒಂದೂವರೆ ಗಂಟೆ, ತೋಟಕ್ಕೆ ಒಂದು ಗಂಟೆ, ನಿಲ್ದಾಣದಿಂದ ಹೋಗಿಬರಲು ಒಂದೂವರೆ ಗಂಟೆ: ಒಂದಕ್ಕೇ ನಾಲ್ಕು ಗಂಟೆ ಹಿಡಿಯುತ್ತದೆ.

ರೈಲು ನಿಲ್ದಾಣದ ಹೆಸರುಗಳಲ್ಲಿ ಎಡವುವವರು ಬಹಳ. ಫ್ಲಾಂಡರ್ಸ್ ದಾಟಿ ಹೋಗುವ ರೈಲಿನ ಬೋರ್ಡಿನಲ್ಲಿ ಲೀಯೆಜ್ ಎಂದಿರುವುದಿಲ್ಲ, ‘ಲೌಕ್’ ಎಂಬ ಡಚ್ ಹೆಸರಿರುತ್ತದೆ. ಟೂರ್ನೆ ಅಲ್ಲ, ‘ಡೋರ್ನಿಕ್’. ಲಿಲ್ ಅಲ್ಲ, ‘ರೈಸೆಲ್’. ಬ್ರಸೆಲ್ಸ್ ಮಿಡಿ ಮತ್ತು ಬ್ರಸೆಲ್ಸ್ ಜೌಡ್ ಎರಡೂ ಒಂದೇ ನಿಲ್ದಾಣ. ಲೂವೆನ್ ಮತ್ತು ಲೂವೆಂ-ಲಾ-ನವ್ ಮಾತ್ರ ಒಂದೇ ಅಲ್ಲ. ಎರಡನೆಯದು ಭಾಷೆಯ ಗಡಿಯಾಚೆ, ವಲೋನಿಯಾದಲ್ಲಿದೆ.

ನಿಲ್ದಾಣದಿಂದ ಮುಂದೆ ‘ಡೆ ಲೈನ್’ ಸಂಸ್ಥೆಯ ಬಸ್ಸು. ಬ್ಯಾಂಕ್ ಕಾರ್ಡನ್ನು ಬಾಗಿಲ ಬಳಿಯ ಯಂತ್ರಕ್ಕೆ ಮುಟ್ಟಿಸಿದರೆ ಟಿಕೆಟ್ ಆಯಿತು. ತಲೆಗೊಂದು ಕಾರ್ಡು ಬೇರೆ ಬೇರೆ ಇದ್ದರೆ ಗೊಂದಲವಿಲ್ಲ. 2024ರ ಜನವರಿಯಲ್ಲಿ ಇಡೀ ಜಾಲವನ್ನೇ ಹೊಸದಾಗಿ ಹೊಂದಿಸಿದಾಗ ಹಳ್ಳಿಗಾಡಿನ ಎಷ್ಟೋ ನಿಲುಗಡೆಗಳು ಹೋದವು, ಬಸ್ಸಿನ ನಂಬರುಗಳೂ ಬದಲಾದವು. ಹಳೆಯ ಪ್ರವಾಸ ಪುಸ್ತಕದಲ್ಲಿರುವ ನಂಬರು ಹಿಡಿದು ಕಾಯುತ್ತ ನಿಂತರೆ ಬಸ್ಸು ಬಾರದಿರಬಹುದು. ನಿಲುಗಡೆ ರದ್ದಾದ ಕಡೆಗಳಲ್ಲಿ ಕರೆದಾಗ ಬರುವ ‘ಫ್ಲೆಕ್ಸ್’ ಬಸ್ಸು ಇದೆ. ‘ಹಾಪಿನ್’ ಆ್ಯಪ್‌ನಲ್ಲಿ ಮೊದಲೇ ಬುಕ್ ಮಾಡಬೇಕು, ಹೋಗುವುದಕ್ಕಷ್ಟೇ ಅಲ್ಲ, ಬರುವುದಕ್ಕೂ.

ಸೈಕಲ್ಲೇ ಎಲ್ಲಕ್ಕಿಂತ ಮೇಲು. ರಸ್ತೆಗಳು ಕೂಡುವ ಕಡೆಯಲ್ಲೆಲ್ಲ ಒಂದು ನಂಬರು ಬರೆದ ಫಲಕವಿರುತ್ತದೆ. ಮನೆಯಲ್ಲೇ ನಕ್ಷೆ ನೋಡಿ ದಾರಿಯ ನಂಬರುಗಳನ್ನು ಸಾಲಾಗಿ ಚೀಟಿಯಲ್ಲಿ ಬರೆದುಕೊಂಡರೆ ಫೋನು ತೆಗೆಯುವುದೇ ಬೇಡ. 1995ರಲ್ಲಿ ಲಿಂಬರ್ಗಿನಲ್ಲಿ ಶುರುವಾದ ಈ ಕ್ರಮಕ್ಕೆ ಕಾರಣನಾದವನು ಹ್ಯೂಗೋ ಬೊಲ್ಲೆನ್ ಎಂಬ ಗಣಿ ಎಂಜಿನಿಯರ್. ನಿಲ್ದಾಣಗಳಲ್ಲಿ ಸಿಗುವ ‘ಬ್ಲೂ-ಬೈಕ್’ಗೆ ಮುಂಚೆಯೇ ಸದಸ್ಯತ್ವ ಮಾಡಿಸಿರಬೇಕು. ಬಾಡಿಗೆ ಸೈಕಲ್ ಹತ್ತಿದ ಕೂಡಲೇ ಮಾಡಬೇಕಾದ ಪರೀಕ್ಷೆ ಒಂದಿದೆ: ಪೆಡಲನ್ನು ಹಿಂದಕ್ಕೆ ತುಳಿದು ನೋಡಿ. ಹಲವು ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕ್ ಅದೇ. ನಮ್ಮಲ್ಲಿ ಇಳಿಜಾರಿನಲ್ಲಿ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುವ ಅಭ್ಯಾಸವಿರುವವರು ಇಲ್ಲಿ ಗಕ್ಕನೆ ನಿಂತು ಬೀಳುತ್ತಾರೆ.

ಕಾರಿನಲ್ಲಿ ಹೋಗುವವರಿಗೆ ಎರಡು ಮಾತು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಓಣಿಯಾಗಿದ್ದರೂ. ಹಳ್ಳಿಯವರು ಆ ಹಕ್ಕನ್ನು ಬಿಟ್ಟುಕೊಡುವುದಿಲ್ಲ, ಬ್ರೇಕ್ ಹಾಕುವುದು ನಿಮ್ಮ ಕೆಲಸ. ಗೆಂಟ್, ಆಂಟ್‌ವರ್ಪ್, ಬ್ರಸೆಲ್ಸ್ ನಗರಗಳಲ್ಲಿ ಹೆಚ್ಚು ಹೊಗೆಯುಗುಳುವ ಕಾರುಗಳನ್ನು ತಡೆಯುವ ವಲಯವಿದೆ, ಗೆಂಟ್ ನಡುವಿನ ಬೀದಿಗಳಿಗೆ ಕಾರು ಬಿಡುವುದೇ ಇಲ್ಲ. ಕ್ಯಾಮೆರಾ ನೋಡಿಕೊಂಡಿರುತ್ತದೆ, ದಂಡದ ಚೀಟಿ ಮನೆಗೆ ಬರುತ್ತದೆ.

ನಾಲ್ಕನೆಯದು: ಗೇಟಿನ ಮೇಲಿನ ಬರಹ

ಹಳ್ಳಿಗಾಡಿನಲ್ಲಿ ಫಲಕಗಳು ಡಚ್‌ನಲ್ಲಿ ಮಾತ್ರ. ಈ ಕೆಲವು ಪದ ಗೊತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತದೆ:

ಖೆಸ್ಲೋಟೆನ್ – ಮುಚ್ಚಿದೆ
ಪ್ರಿವೇ, ಫರ್‌ಬೋಡೆನ್ ಟೂಖಾಂಗ್ – ಖಾಸಗಿ, ಒಳಗೆ ಬರಬಾರದು
ಆಲೇನ್ ಓಪ್ ಆಫ್‌ಸ್ಪ್ರಾಕ್ – ಮೊದಲೇ ಹೇಳಿಟ್ಟವರಿಗೆ ಮಾತ್ರ
ರೊಂಡ್‌ಲೈಡಿಂಗ್ – ಮಾರ್ಗದರ್ಶಕರೊಡನೆ ಸುತ್ತಾಟ
ಡ್ರೇಫ್ – ಎರಡೂ ಬದಿ ಮರ ನೆಟ್ಟ ನೇರ ದಾರಿ; ಕೋಟೆ ಅದರ ಕೊನೆಯಲ್ಲಿರುತ್ತದೆ
ಕೂಟ್ಸ್‌ಹೌಸ್ – ಗಾಡಿಖಾನೆ. ಈಗ ಸಾಮಾನ್ಯವಾಗಿ ಕ್ಯಾಂಟೀನು, ಶೌಚಾಲಯ ಅಲ್ಲೇ
ಯಾಖ್ಟ್ – ಬೇಟೆ. ಶರತ್ಕಾಲದಲ್ಲಿ ಇದು ಕಂಡರೆ ಕಾಡುದಾರಿ ಬಿಟ್ಟು ಹಿಂದಿರುಗಿ

ಗೇಟು ತೆರೆದಿದೆ ಎಂದರೆ ಒಳಗೆ ಹೋಗಬಹುದು ಎಂದಲ್ಲ, ಮನೆಯವರ ಕಾರು ಬರಲು ತೆರೆದಿರಬಹುದು. ‘ಪ್ರಿವೇ’ ಎಂದಿದ್ದರೆ ಅಲ್ಲೇ ನಿಲ್ಲಿ. ಹಾಗೆಂದು ವಾಪಸು ಹೊರಡುವ ಅಗತ್ಯವಿಲ್ಲ. ಬಹಳ ಕಡೆ ಕಂದಕದ ಹೊರಗಿನ ಸುತ್ತುದಾರಿ ಊರವರ ಓಡಾಟದ ಹಾದಿ, ಕೋಟೆ ಚೆನ್ನಾಗಿ ಕಾಣುವುದೂ ನೀರಿನಾಚೆಯಿಂದಲೇ.

ಒಂದನ್ನೇ ನೋಡುವುದಾದರೆ: ಗಾಸ್‌ಬೇಕ್

ಸಮಯ ಒಂದು ದಿನ ಮಾತ್ರ ಎನ್ನುವವರಿಗೆ ನಾವು ಹೇಳುವುದು ಗಾಸ್‌ಬೇಕ್. ಡಚ್ಚಿನ ‘ಗ’ ಗಂಟಲಿನಿಂದ ಬರುತ್ತದೆ. ಇಲ್ಲಿಯವರ ಬಾಯಲ್ಲಿ ಇದು ಕನ್ನಡದ ಕಿವಿಗೆ ‘ಹಾಸ್ಬೇಕ್’ ಎಂದೇ ಕೇಳುತ್ತದೆ. ಬಸ್ಸಿನ ಚಾಲಕನಿಗೆ ಹಾಗೆಯೇ ಹೇಳಿ, ತಿಳಿಯುತ್ತದೆ. ‘ಬೇಕ್’ ಎಂದರೆ ಹಳ್ಳ, ತೊರೆ. ಲೆಂಬೇಕ್, ಲೇರ್‌ಬೇಕ್ ಎಂದು ಸುತ್ತಲಿನ ಊರುಗಳೆಲ್ಲ ‘ಬೇಕು ಬೇಕು’ ಎನ್ನುವುದು ಇದೇ ಕಾರಣಕ್ಕೆ.

ಬ್ರಸೆಲ್ಸ್‌ನ ನೈಋತ್ಯಕ್ಕೆ, ಪಾಯೊಟ್ಟೆನ್‌ಲಂಡ್ ಎಂಬ ಏರಿಳಿತದ ಸೀಮೆಯಲ್ಲಿ ಇದೆ. ಬ್ರಸೆಲ್ಸ್ ದಕ್ಷಿಣ (ಮಿಡಿ ಅಥವಾ ಜೌಡ್) ನಿಲ್ದಾಣದ ಕಡೆಯಿಂದ ಬಸ್ಸು. ಮುಖ್ಯ ದ್ವಾರದಿಂದ ಕೋಟೆಯ ಬಾಗಿಲಿಗೆ ಮರಗಳ ನಡುವೆ ಹತ್ತು ನಿಮಿಷದ ನಡಿಗೆ, ಒಂದಿಷ್ಟು ಏರು. ಗಂಟೆಗೆ ಸರಿಯಾಗಿ ಪ್ರವೇಶದ ಟಿಕೆಟ್ ಇದ್ದರೆ ಈ ಹತ್ತು ನಿಮಿಷ ಲೆಕ್ಕಕ್ಕೆ ಹಿಡಿಯಿರಿ. ಉದ್ಯಾನಕ್ಕೆ ಟಿಕೆಟ್ ಇಲ್ಲ, ಕೋಟೆಯ ಒಳಗಿಗೆ ಇದೆ. ಇಂಥ ಕೋಟೆಗಳ ಒಳ ಪ್ರವೇಶಕ್ಕೆ ದೊಡ್ಡವರಿಗೆ ಸಾಮಾನ್ಯವಾಗಿ 10ರಿಂದ 15 ಯೂರೋ ಇಟ್ಟುಕೊಳ್ಳಿ.

ಹೋಗುವ ಮುಂಚೆ ಒಂದು ಕಥೆ ತಿಳಿದಿದ್ದರೆ ನೋಟವೇ ಬೇರೆ. ಬ್ರಸೆಲ್ಸ್‌ನ ದೊಡ್ಡ ಚೌಕದ ಮೂಲೆಯಲ್ಲಿ ಮಲಗಿರುವ ಕಂಚಿನ ಪ್ರತಿಮೆಯ ತೋಳನ್ನು ಪ್ರವಾಸಿಗಳು ಅದೃಷ್ಟಕ್ಕೆಂದು ಸವರಿ ಸವರಿ ಹೊಳಪು ಬರಿಸಿದ್ದಾರಲ್ಲ, ಅವನು ಬ್ರಸೆಲ್ಸ್ ನಗರದ ಮುಖಂಡನಾಗಿದ್ದ ಎವೆರಾರ್ಡ್ ಟ್-ಸೆರ್ಕ್ಲಾಸ್. 1388ರಲ್ಲಿ ಅವನನ್ನು ಹೊಂಚುಹಾಕಿ ಕೊಲೆಗೈದವರು ಗಾಸ್‌ಬೇಕ್ ಒಡೆಯನ ಕಡೆಯವರು. ಸಿಟ್ಟಿಗೆದ್ದ ಬ್ರಸೆಲ್ಸ್ ಜನ ಬಂದು ಕೋಟೆಯನ್ನು ಕೆಡವಿದರು. ಮುತ್ತಿಗೆಗೆ ಬರುವಾಗ ಬುತ್ತಿಗೆ ಕೋಳಿಗಳನ್ನು ತಂದಿದ್ದರಂತೆ. ಬ್ರಸೆಲ್ಸಿನವರಿಗೆ ‘ಕೋಳಿಬಾಕರು’ ಎಂಬ ಅಡ್ಡಹೆಸರು ಅಲ್ಲಿಂದ ಬಂತೆಂದು ಐತಿಹ್ಯ. ಮತ್ತೆ ಕಟ್ಟಿದ ಕೋಟೆಯನ್ನು 1565ರಲ್ಲಿ ಕೊಂಡವನು ಎಗ್ಮೊಂಟ್ ಕೌಂಟ್ ಎಂಬ ಸರದಾರ. ಮೂರು ವರ್ಷಕ್ಕೆ, ಆಗ ಈ ನಾಡನ್ನು ಆಳುತ್ತಿದ್ದ ಸ್ಪೇನಿನವರು ಬ್ರಸೆಲ್ಸಿನ ಅದೇ ಚೌಕದಲ್ಲಿ ಅವನ ತಲೆ ಕಡಿದರು.

ಒಳಗೆ ಹೋದಾಗ ಈ ಹಳೆಯ ಕಾಲವನ್ನು ಹುಡುಕಬೇಡಿ. ಕಣ್ಣಿಗೆ ಕಾಣುವ ‘ಮಧ್ಯಯುಗ’ದ ಬಹುಭಾಗ 1887ರ ನಂತರದ್ದು. ಕೊನೆಯ ಒಡತಿ ಮಾರಿ ಪೆರಾ, ಅಂದರೆ ಮಾರ್ಕ್ವೀಸ್ ಅರ್ಕೊನಾತಿ ವಿಸ್ಕೊಂತಿ, ಪ್ಯಾರಿಸ್ಸಿನ ಪತ್ರಕರ್ತನ ಮಗಳು. ಗಂಡ ತೀರಿಕೊಂಡ ಮೇಲೆ ಬಂದ ಆಸ್ತಿಯಲ್ಲಿ ತನ್ನ ಕಲ್ಪನೆಯ ಪುರಾತನವನ್ನು ವಾಸ್ತುಶಿಲ್ಪಿ ಶಾರ್ಲ್-ಆಲ್ಬೆರ್ ಕೈಯಲ್ಲಿ ಕಟ್ಟಿಸಿದಳು. ಹಳೆಯ ಕಾಲದ ಅರಮನೆ ಹುಡುಗನ ವೇಷ ತೊಟ್ಟು ಅದರಲ್ಲಿ ಓಡಾಡುತ್ತಿದ್ದಳು. ಕೊಂಡು ತಂದ ಕಲಾವಸ್ತುಗಳು ನಿಜವಾದವು, ಅವನ್ನು ಜೋಡಿಸಿದ ಕೋಣೆಗಳು ರಂಗಸಜ್ಜಿಕೆ. ಇದನ್ನು ಕೀಳೆಂದು ಹೇಳುತ್ತಿಲ್ಲ. ಒಬ್ಬ ಹೆಂಗಸು ತನಗೆ ಬೇಕಾದ ಇತಿಹಾಸವನ್ನು ದುಡ್ಡು ಸುರಿದು ಮಾಡಿಸಿಕೊಂಡದ್ದೇ ಇಲ್ಲಿಯ ನಿಜವಾದ ವಿಶೇಷ. 1921ರಲ್ಲಿ ಅವಳು ಇಡೀ ಆಸ್ತಿಯನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಟ್ಟಳು. ಮ್ಯೂಸಿಯಂ ತೋಟದಲ್ಲಿ ಹಳೆಯ ತಳಿಯ ಹಣ್ಣಿನ ಮರಗಳನ್ನು ಗೋಡೆಗೆ, ತಂತಿಗೆ ಒರಗಿಸಿ ಕೈ ಚಾಚಿದಂತೆ ಬೆಳೆಸಿದ್ದಾರೆ. ಅದರ ಸಮಯ ಕೋಟೆಯ ಸಮಯಕ್ಕಿಂತ ಬೇರೆ, ಪ್ರತ್ಯೇಕವಾಗಿ ನೋಡಿಕೊಳ್ಳಿ.

ಗೋಡೆ ಓದುವುದು

ಮಾರ್ಗದರ್ಶಕರಿಲ್ಲದ ಕೋಟೆಯಲ್ಲಿ ಗೋಡೆಯೇ ಮಾರ್ಗದರ್ಶಿ. ಕಂದಕದ ಅಂಚಿನಲ್ಲಿ ನಿಂತು ಬುಡದಿಂದ ಮೇಲಕ್ಕೆ ನೋಡಿ. ನೀರಿಗೆ ತಾಗಿದ ಭಾಗದಲ್ಲಿ ದಪ್ಪ ಕಲ್ಲು, ಮೇಲೆ ಇಟ್ಟಿಗೆ. ನೀರು ಹೀರಿದ ಇಟ್ಟಿಗೆ ಹಿಮಗಾಲದಲ್ಲಿ ಒಡೆಯುತ್ತದೆ, ಅದಕ್ಕೆ ಈ ಏರ್ಪಾಡು. ಕೆಂಪು ಇಟ್ಟಿಗೆಯ ನಡುನಡುವೆ ಬಿಳಿ ಮರಳುಗಲ್ಲಿನ ಪಟ್ಟಿಗಳು ಅಡ್ಡ ಹಾದಿದ್ದರೆ ಅದಕ್ಕೆ ಇಲ್ಲಿಯ ಗಾರೆಯವರು ‘ಸ್ಪೆಕ್‌ಲಾಖ್’ ಎನ್ನುತ್ತಾರೆ, ಹಂದಿಮಾಂಸದ ಕೊಬ್ಬಿನ ಪದರ ಎಂದರ್ಥ. 16, 17ನೇ ಶತಮಾನದ ಗೋಡೆಗಳಲ್ಲಿ ಇದು ಹೇರಳ. ಇಟ್ಟಿಗೆಯ ಬಣ್ಣ ಒಂದು ಗೆರೆಯಲ್ಲಿ ಥಟ್ಟನೆ ಬದಲಾದರೆ ಅಲ್ಲಿ ಬೆಂಕಿಯೋ ಮುತ್ತಿಗೆಯೋ ದುರಸ್ತಿಯೋ ಆಗಿದೆ. ಬಾಣ ಬಿಡುವ ಸೀಳುಗಂಡಿಯ ಪಕ್ಕದಲ್ಲೇ ದೊಡ್ಡ ಗಾಜಿನ ಕಿಟಕಿ ಇದ್ದರೆ, ಕೋಟೆ ಕಾದಾಡುವುದನ್ನು ಬಿಟ್ಟು ಮನೆಯಾದ ಮೇಲೆ ಗೋಡೆ ಒಡೆದು ಕಿಟಕಿ ಇಟ್ಟಿದ್ದಾರೆ ಎಂದು ತಿಳಿಯಿರಿ.

ಇದನ್ನು ಕಲಿಯಲು ಬ್ರಸೆಲ್ಸ್ ದಕ್ಷಿಣಕ್ಕಿರುವ ಬೇರ್ಸೆಲ್ ಒಳ್ಳೆಯ ಪಾಠಶಾಲೆ. 14ನೇ ಶತಮಾನದ ಆರಂಭದ ನೀರುಕೋಟೆ. 1489ರಲ್ಲಿ, ಆಗ ಈ ನಾಡಿನ ಆಡಳಿತ ಹಿಡಿದಿದ್ದ ಮ್ಯಾಕ್ಸಿಮಿಲಿಯನ್ ವಿರುದ್ಧದ ದಂಗೆಯ ಸಮಯದಲ್ಲಿ ಕೆಡವಿದ ಮೇಲೆ ಮತ್ತೆ ಕಟ್ಟಿದರು. ಮೂರು ಗೋಪುರಗಳು ಹೊರಗಿನಿಂದ ದುಂಡಗಿವೆ, ಅಂಗಳದ ಕಡೆಯಿಂದ ಮೆಟ್ಟಿಲು ಮೆಟ್ಟಿಲಾದ ಚಪ್ಪಟೆ ಗೋಡೆ. ಪೀಠೋಪಕರಣ ಏನೂ ಇಲ್ಲದ್ದರಿಂದ ಕಟ್ಟಡದ ಎಲುಬು ಹಾಗೇ ಕಾಣುತ್ತದೆ. ಬೇರ್ಸೆಲ್ ರೈಲು ನಿಲ್ದಾಣದಿಂದ ನಡಿಗೆಯ ದೂರ. ಸುತ್ತಾಟದ ನಂತರ ಊರಿನಲ್ಲಿ ಈ ಸೀಮೆಯದೇ ಆದ ಹುಳಿ ಬಿಯರ್ ‘ಗೂಜ್’ ಸಿಗುತ್ತದೆ. ಮೊದಲ ಗುಟುಕಿಗೆ ಕೆಟ್ಟುಹೋಗಿದೆ ಎನಿಸಿದರೆ ಗಾಬರಿ ಬೇಡ, ರುಚಿ ಇರುವುದೇ ಹಾಗೆ.

ಉಳಿದ ದಿಕ್ಕುಗಳು

ಗೆಂಟ್ ಕಡೆ: ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗ್ರಾವೆನ್‌ಸ್ಟೇನ್. ಇದು ಹಳ್ಳಿಯಲ್ಲಿಲ್ಲ, ಊರ ನಡುವೆಯೇ ಇದೆ. ಆದರೂ ಇಲ್ಲಿಂದ ಶುರುಮಾಡಿದರೆ ಉಳಿದವು ಅರ್ಥವಾಗುತ್ತವೆ. ಫ್ಲಾಂಡರ್ಸ್ ಕೌಂಟ್ ಆಲ್ಸಾಸಿನ ಫಿಲಿಪ್ 1180ರಲ್ಲಿ ಕಟ್ಟಿಸಿದ. ಆಮೇಲೆ ನ್ಯಾಯಾಲಯ, ಸೆರೆಮನೆ, 19ನೇ ಶತಮಾನದಲ್ಲಿ ಹತ್ತಿ ಗಿರಣಿ, ಕೊನೆಗೆ ನಗರಸಭೆ ಕೊಂಡು ದುರಸ್ತಿ ಮಾಡಿತು. 1949ರ ನವೆಂಬರ್ 16ರಂದು ಬಿಯರ್ ದುಬಾರಿಯಾಯಿತೆಂಬ ದೂರನ್ನೂ ಮುಂದಿಟ್ಟು ವಿದ್ಯಾರ್ಥಿಗಳು ಕೋಟೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರು, ಪೊಲೀಸರ ಮೇಲೆ ಕೊಳೆತ ಹಣ್ಣು ಎಸೆದರು. ಈ ಕೋಟೆ ಕಂಡ ನೆನಪಿಡತಕ್ಕ ಮುತ್ತಿಗೆ ಅದೇ. ಟಿಕೆಟ್ಟಿನೊಂದಿಗೆ ಸಿಗುವ ಧ್ವನಿ ಮಾರ್ಗದರ್ಶಿಯನ್ನು ಒಬ್ಬ ಹಾಸ್ಯಗಾರನಿಂದ ಬರೆಸಿದ್ದಾರೆ; ಬಿಡಬೇಡಿ. ಸುರುಳಿ ಮೆಟ್ಟಿಲು ಬಲು ಇಕ್ಕಟ್ಟು, ಮಂಡಿನೋವಿನ ಹಿರಿಯರಿಗೆ ಮೇಲಿನ ಅಂತಸ್ತು ಕಷ್ಟ. ಸೀರೆ ಉಟ್ಟವರು ನೆರಿಗೆ ಎತ್ತಿ ಕಟ್ಟಿಕೊಂಡೇ ಹತ್ತಬೇಕು.

ಭಾನುವಾರವಾದರೆ ಮಧ್ಯಾಹ್ನ ಅಲ್ಲಿಂದಲೇ ಲೈಯ ನದಿಯ ಪಕ್ಕದಲ್ಲಿ ಸುಮಾರು 15 ಕಿ.ಮೀ. ಸೈಕಲ್ ತುಳಿದು ಓಯ್ಡೊಂಕ್ ಸೇರಬಹುದು. ತುಳಿಯಲಾಗದವರು ಡೈಂಜೆ ನಿಲ್ದಾಣಕ್ಕೆ ರೈಲಿನಲ್ಲಿ ಹೋಗಿ ಮುಂದಿನ ನಾಲ್ಕೈದು ಕಿ.ಮೀ.ಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಸ್ಪೇನ್ ವಿರುದ್ಧ ನಿಂತು ಎಗ್ಮೊಂಟನ ಜೊತೆಯಲ್ಲೇ ತಲೆ ಕೊಟ್ಟ ಹೋರ್ನ್ ಕೌಂಟನ ಮನೆ ಇದು. 1579ರಲ್ಲಿ ಸುಟ್ಟುಹೋಗಿ, 1595ರಲ್ಲಿ ಈಗಿನ ಈರುಳ್ಳಿಯಾಕಾರದ ಗೋಪುರಗಳೊಂದಿಗೆ ಎದ್ದಿತು. ಒಳಗನ್ನು ತೋರಿಸುವುದು ಏಪ್ರಿಲ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ, ಭಾನುವಾರ ಮತ್ತು ಸರ್ಕಾರಿ ರಜೆಗಳ ಮಧ್ಯಾಹ್ನ, ನಡುಬೇಸಿಗೆಯಲ್ಲಿ ಶನಿವಾರವೂ. ತೋಟ ಮಾತ್ರ ಹೆಚ್ಚು ದಿನ ತೆರೆದಿರುತ್ತದೆ. ಬೆಳಿಗ್ಗೆ ಹೋದವರಿಗೆ ತೋಟವಷ್ಟೇ ಗತಿ.

ಬ್ರೂಜ್ ಕಡೆ: ದಕ್ಷಿಣಕ್ಕೆ ಸೈಕಲ್ ದೂರದಲ್ಲಿ ಲೊಪ್ಪೆಮ್, ರೈಲಿನಲ್ಲಿ ಟೋರ್‌ಹೌಟ್ ಇಳಿದರೆ ವೈನೆಂಡಾಲೆ. ಇವೆರಡನ್ನೂ ಒಂದೇ ದಿನ, ಈ ಕ್ರಮದಲ್ಲಿಯೇ ನೋಡಿ. ಬೆಲ್ಜಿಯಂನ ಎರಡು ಮಹಾಯುದ್ಧಗಳ ಕೊನೆ ಇವುಗಳೊಳಗಿದೆ. 1862ರಲ್ಲಿ ಮುಗಿದ ಲೊಪ್ಪೆಮ್‌ನ ನವ-ಗೋಥಿಕ್ ಮನೆಯಲ್ಲಿ 1918ರ ಶರತ್ಕಾಲದಲ್ಲಿ ದೊರೆ ಒಂದನೇ ಆಲ್ಬರ್ಟ್ ಬಿಡಾರ ಹೂಡಿದ್ದ. ಎಲ್ಲ ಗಂಡಸರಿಗೂ ಸಮಾನ ಒಂದು ಮತ ಎಂಬ ತೀರ್ಮಾನಕ್ಕೆ ದಾರಿಯಾದ ಮಾತುಕತೆ ನಡೆದದ್ದು ಇಲ್ಲಿ. ಅವನ ಮಗ ಮೂರನೇ ಲಿಯೊಪೋಲ್ಡ್ 1940ರ ಮೇ 25ರಂದು ವೈನೆಂಡಾಲೆಯಲ್ಲಿ ನಾಲ್ವರು ಮಂತ್ರಿಗಳನ್ನು ಕಂಡ. ದೇಶ ಬಿಟ್ಟು ಬನ್ನಿ ಎಂದರು ಅವರು, ಬರುವುದಿಲ್ಲ ಎಂದ ಇವನು. ಮೂರು ದಿನಕ್ಕೆ ಸೈನ್ಯ ಜರ್ಮನರಿಗೆ ಶರಣಾಯಿತು, ಆ ಬಿರುಕು ಅವನ ಸಿಂಹಾಸನವನ್ನೇ ನುಂಗಿತು. ಈ ನಾಡಿನ ಒಡತಿಯಾಗಿದ್ದ ಬರ್ಗಂಡಿಯ ಮೇರಿ 1482ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದದ್ದೂ ವೈನೆಂಡಾಲೆಯ ಕಾಡಿನಲ್ಲೇ, ಆ ಪೆಟ್ಟಿನಿಂದಲೇ ಸತ್ತಳು. ಮಕ್ಕಳು ಜೊತೆಗಿದ್ದರೆ ಲೊಪ್ಪೆಮ್ ತೋಟದ 1873ರ ಗಿಡದ ಚಕ್ರವ್ಯೂಹಕ್ಕೆ ಒಂದು ಗಂಟೆ ಇಡಿ, ಅದು ತೆರೆಯುವ ದಿನಗಳು ಮನೆಯ ದಿನಗಳಿಗಿಂತ ಬೇರೆ.

ಲೂವೆನ್ ಕಡೆ: ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುವ, ಇಮೆಕ್ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರ್ ಚಿಪ್‌ಗಳ ಕೆಲಸ ಮಾಡುವ ಕನ್ನಡಿಗರಿಗೆ ಆರೆನ್‌ಬರ್ಗ್ ಕೋಟೆ ದಿನನಿತ್ಯದ ದಾರಿ. ಎಂಜಿನಿಯರಿಂಗ್ ವಿಭಾಗದ ಕೈಯಲ್ಲಿರುವ ಕಟ್ಟಡ ಅದು, ಉದ್ಯಾನದಲ್ಲಿ ಯಾರಾದರೂ ಓಡಾಡಬಹುದು. ನೆಂಟರು ಊರಿನಿಂದ ಬಂದಾಗ ಅಲ್ಲಿಗೇ ನಿಲ್ಲಿಸದೆ ಪಾರ್ಕ್ ಮಠಕ್ಕೂ ಕರೆದೊಯ್ಯಿರಿ. ಯಾನ್ ಕ್ರಿಸ್ಟಿಯಾನ್ ಹಾನ್ಶೆ ಎಂಬ ಗಾರೆ ಶಿಲ್ಪಿ ಅಲ್ಲಿಯ ಗ್ರಂಥಾಲಯಕ್ಕೆ 1672ರಲ್ಲೂ ಊಟದ ಸಾಲೆಗೆ 1679ರಲ್ಲೂ ಮಾಡಿದ ಚಾವಣಿಗಳಲ್ಲಿ ಸುಣ್ಣದ ಆಕೃತಿಗಳು ತಲೆಯ ಮೇಲೆ ಪೂರ್ತಿ ಹೊರಚಾಚಿ ನೇತಾಡುತ್ತವೆ. ಒಳಗೆ ಕಬ್ಬಿಣದ ತಂತಿ ಇಟ್ಟು ಸುಣ್ಣ ಮೆತ್ತಿದ ಕೆಲಸ. ನಡುವೆ ನಿಂತು ನೋಡಿದರೆ ಅರ್ಧ ಸೊಬಗು ಮಾತ್ರ; ಗೋಡೆಯ ಬದಿಗೆ ಸರಿದು ಓರೆಯಾಗಿ ನೋಡಿದಾಗ ಒಂದು ಕಾಲೋ ಕೈಯೋ ಚಾವಣಿ ಬಿಟ್ಟು ನಮ್ಮ ಕಡೆ ಇಳಿದಿರುವುದು ಕಾಣುತ್ತದೆ. ಇದೇ ಕೈಯ 1655ರ ಚಾವಣಿ ಹೊರ್ಸ್ಟ್ ನೀರುಕೋಟೆಯಲ್ಲೂ ಇದೆ. ಅಲ್ಲಿ ದೀರ್ಘಕಾಲದ ದುರಸ್ತಿ ನಡೆದಿರುವುದರಿಂದ ಒಳ ಪ್ರವೇಶ ಖಚಿತವಾದ ಮೇಲೇ ಹೊರಡಿ.

ಪೂರ್ವಕ್ಕೆ ಆಲ್ಡೆನ್ ಬೀಸೆನ್: ಹಾಸೆಲ್ಟ್ ಮೂಲಕ ಬಿಲ್ಜೆನ್ ನಿಲ್ದಾಣ, ಮುಂದೆ ಸೈಕಲ್ಲು ಅಥವಾ ಬಸ್ಸು. 1220ರಲ್ಲಿ ಟ್ಯೂಟಾನಿಕ್ ಯೋಧ ಸನ್ಯಾಸಿಗಳಿಗೆ ಸಿಕ್ಕ ಜಾಗ. ಈಗಿನ ಕಟ್ಟಡಗಳು 16ರಿಂದ 18ನೇ ಶತಮಾನದವು. 1971ರ ಮಾರ್ಚ್ 8ರಂದು ನೀರುಕೋಟೆ ಸುಟ್ಟುಹೋಯಿತು, ಅದೇ ವರ್ಷ ಸರ್ಕಾರ ಕೊಂಡು ಮತ್ತೆ ಕಟ್ಟಿಸಿತು. ಏಪ್ರಿಲ್ ಹೊತ್ತಿಗೆ ಇಲ್ಲಿ ಅಂತರರಾಷ್ಟ್ರೀಯ ಕಥೆ ಹೇಳುವ ಉತ್ಸವ ನಡೆಯುತ್ತದೆ, ಹಲವು ಭಾಷೆಗಳಲ್ಲಿ.

ಮೈಸೆಯ ಬೌಹೌಟ್‌ಗೆ ಸಸ್ಯೋದ್ಯಾನದ ಟಿಕೆಟ್ಟೇ ಸಾಕು. 92 ಹೆಕ್ಟೇರಿನ ತೋಟ, ಗಾಜಿನ ಮನೆಗಳಲ್ಲಿ ನಮ್ಮ ಕಡೆಯ ಗಿಡಗಳೂ ಸಿಗುತ್ತವೆ. ಮೆಕ್ಸಿಕೋದ ಒಂದು ಕಾಲದ ಸಾಮ್ರಾಜ್ಞಿ ಶಾರ್ಲೆಟ್, 1867ರಲ್ಲಿ ಅವಳ ಗಂಡನನ್ನು ಅಲ್ಲಿಯವರು ಗುಂಡಿಕ್ಕಿ ಕೊಲ್ಲುವ ಮುಂಚೆಯೇ ಮನಸ್ಸಿನ ಸ್ಥಿಮಿತ ಕಳೆದುಕೊಂಡವಳು, 1879ರಿಂದ 1927ರವರೆಗೆ ಈ ಕೋಟೆಯಲ್ಲಿ ಬದುಕಿದಳು. ಚಳಿಗಾಲದಲ್ಲಿ ಬಂದವರಿಗೆ ಇದೇ ಸರಿ. ಗಾಜಿನ ಮನೆಯೊಳಗೆ ಬೆಚ್ಚಗಿರುತ್ತದೆ.

ಊಟ, ಬೂಟು, ಉಣುಗು

ಸಸ್ಯಾಹಾರಿಗಳು ಎರಡು ಕಡೆ ಮೋಸ ಹೋಗುತ್ತಾರೆ. ಆಲೂಗಡ್ಡೆಯ ‘ಫ್ರೀಟೆನ್’ ಕರಿಯಲು ಅನೇಕ ಅಂಗಡಿಗಳು ದನದ ಕೊಬ್ಬನ್ನೇ ಬಳಸುತ್ತವೆ, ‘ಓಸ್ಸೆವಿಟ್?’ ಎಂದು ಕೇಳಿ, ಹೌದೆಂದರೆ ಬಿಡಿ. ತರಕಾರಿ ಸೂಪಿಗೂ ಮಾಂಸದ ಕಟ್ಟು ಸೇರಿರುವುದುಂಟು. ಪಾಯೊಟ್ಟೆನ್‌ಲಂಡಿನಲ್ಲಿ ನಿಶ್ಚಿಂತೆಯಿಂದ ಕೇಳಬಹುದಾದದ್ದು ‘ಪ್ಲಾಟ್ಟೆಕಾಸ್’ ಹಚ್ಚಿದ ಬ್ರೆಡ್ಡು: ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನಂಥ ಹಸಿ ಚೀಸು, ಮೇಲೆ ಮೂಲಂಗಿ, ಈರುಳ್ಳಿ ಸೊಪ್ಪು. ಒಂದು ಚಿಟಿಕೆ ಮೆಣಸಿನ ಪುಡಿ ಜೇಬಿನಲ್ಲಿದ್ದರೆ ಮನೆಯೂಟವೇ. ಅಡುಗೆಮನೆ ಮಧ್ಯಾಹ್ನ ಎರಡರ ಸುಮಾರಿಗೆ ಮುಚ್ಚುತ್ತದೆ, ಆಮೇಲೆ ಸಿಗುವುದು ಮೊಟ್ಟೆ ಹಾಕಿದ ಪ್ಯಾನ್‌ಕೇಕು ಮಾತ್ರ.

ಡ್ರೇಫ್‌ಗಳು ಟಾರು ಹಾಕಿದ ರಸ್ತೆಗಳಲ್ಲ. ಮಳೆ ಬಂದ ಮರುದಿನ ಜೇಡಿ ಕೆಸರು ಪಾದ ಬಿಡುವುದಿಲ್ಲ, ಒಳಗಿನ ಮರದ ನೆಲದ ಮೇಲೆ ಆ ಬೂಟು ಇಡಲು ಕಾವಲಿನವರು ಬಿಡುವುದಿಲ್ಲ. ಬೂಟು ಒರೆಸಲು ಒಂದು ಹಳೆ ಬಟ್ಟೆ ಚೀಲದಲ್ಲಿರಲಿ. ದೊಡ್ಡ ಬೆನ್ನುಚೀಲವನ್ನು ಲಾಕರಿನಲ್ಲಿಡಲು ಹೇಳುತ್ತಾರೆ.

ಉದ್ದ ಹುಲ್ಲಿನಲ್ಲಿ ಉಣುಗು ಇರುತ್ತದೆ. ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ. ಅಲ್ಲಿ ಮಂಗನ ಕಾಯಿಲೆಯಾದರೆ ಇಲ್ಲಿ ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯಿರಿ. ಕೋಣೆಗೆ ಮರಳಿದ ಮೇಲೆ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಮಕ್ಕಳ ಕಿವಿಯ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರ ಮೇಲಕ್ಕೆಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ, ಅವು ಉಣುಗನ್ನು ಕೆರಳಿಸುತ್ತವೆ. ಕಚ್ಚಿದ ದಿನಾಂಕ ಬರೆದಿಟ್ಟುಕೊಳ್ಳಿ. ಮುಂದಿನ ವಾರಗಳಲ್ಲಿ ಆ ಜಾಗದಲ್ಲಿ ಹರಡುತ್ತ ಹೋಗುವ ಕೆಂಪು ಉಂಗುರ ಕಂಡರೆ ಆ ದಿನಾಂಕದೊಂದಿಗೆ ವೈದ್ಯರ ಬಳಿ ಹೋಗಿ. ಅಷ್ಟರಲ್ಲಿ ಊರಿಗೆ ಮರಳಿದ್ದರೆ, ಬೆಲ್ಜಿಯಂನಲ್ಲಿ ಉಣುಗು ಕಚ್ಚಿತ್ತು ಎಂದು ನೀವೇ ಬಾಯಿ ಬಿಟ್ಟು ಹೇಳಬೇಕು. ನಮ್ಮ ವೈದ್ಯರಿಗೆ ಅದು ತಾನಾಗಿ ಹೊಳೆಯುವ ಕಾಯಿಲೆಯಲ್ಲ.

ಕೊನೆಯದು ಹೊರಡುವಾಗಿನ ಕೆಲಸವಲ್ಲ, ತಲುಪಿದ ಕೂಡಲೇ ಮಾಡುವಂಥದ್ದು. ಬಸ್ಸಿನಿಂದ ಇಳಿದ ತಕ್ಷಣ ರಸ್ತೆ ದಾಟಿ, ಎದುರು ಬದಿಯ ನಿಲುಗಡೆಯ ವೇಳಾಪಟ್ಟಿಯನ್ನು ಫೋಟೋ ತೆಗೆದುಕೊಳ್ಳಿ. ಭಾನುವಾರದ ಕಾಲಂ ಬೇರೆ ಇರುತ್ತದೆ.